ಮಾರನಹಳ್ಳಿ ಅಂದರೆ ಇಪ್ಪತ್ತೇಳು ಬೈಟು

ಕಳೆದ ಮಳೆಗಾಲದಲ್ಲಿ ಮಾರನಹಳ್ಳಿಯಿಂದ ಹಿರಿಯರೊಬ್ಬರು ಫೋನ್ ಮಾಡಿದರು. ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಹೋಗುವಾಗ ಸಿಗುವ ಮಾರನಹಳ್ಳಿ. 2018ರಲ್ಲಿ ಕಾಂಕ್ರೀಟ್ ಕೆಲಸಕ್ಕೆಂದು ಘಾಟಿ ರಸ್ತೆಯನ್ನು ತಿಂಗಳುಗಟ್ಟಲೆ ಮುಚ್ಚಿದ್ದರು. ತೆರೆದು ಸ್ವಲ್ಪ ದಿನಕ್ಕೇ ಗುಡ್ಡ ಕುಸಿದು ಮತ್ತೆ ಮುಚ್ಚಿತು. ಆಗ ರಸ್ತೆ ಬದಿಯ ಹೋಟೆಲು, ಟೀ ಅಂಗಡಿ, ಪಂಕ್ಚರ್ ಅಂಗಡಿ ನಂಬಿಕೊಂಡವರು ಹೇಗೆ ದಿನ ದೂಡಿದರು ಅಂತ ನಾವು ಬರೆದಿದ್ದೆವು. ಅದರಲ್ಲಿ ಈ ಹಿರಿಯರ ಮಾತೂ ಇತ್ತು. ಮೊಮ್ಮಗಳಿಗೆ ತೋರಿಸೋಣ ಅಂತ ಹಳೆಯ ಲಿಂಕ್ ತೆರೆದಿದ್ದಾರೆ.

"ಏನಪ್ಪಾ, ನಾನು ಕನ್ನಡದಲ್ಲೇ ತಾನೆ ಮಾತಾಡಿದ್ದು? ಇದ್ಯಾವ ಭಾಷೇಲಿ ಹಾಕಿದ್ದೀರಿ?"

ನಾವೂ ತೆರೆದು ನೋಡಿದೆವು. ಲೇಖನದ ತುಂಬ ಒಂದೇ ತರದ ಗಜಿಬಿಜಿ. ತಲೆ ಮೇಲೆ ಓರೆ ಗೀಟು ಇರುವ ಇಂಗ್ಲಿಷಿನ ಸಣ್ಣ ಎ, ಅದರ ಪಕ್ಕ ಮೇಲಕ್ಕೆ ಏರಿ ಕೂತ ಪುಟ್ಟ ಎರಡು, ಆಮೇಲೆ ಒಂದು ಚುಕ್ಕಿಯೋ ಗೆರೆಯೋ. ಮತ್ತೆ ಅದೇ ಎ, ಅದೇ ಎರಡು. ಹಿಂದಿನ ವಾರವಷ್ಟೇ ನಮ್ಮ ತಾಣವನ್ನು ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸಿದ್ದೆವು. ಮುಖಪುಟ ಬಂದಿತ್ತು, ಫೋಟೊ ಬಂದಿತ್ತು. ಎಲ್ಲ ಸರಿಯಾಯಿತು ಅಂತ ಟೀ ಕುಡಿದು ಮಲಗಿದ್ದೆವು. ಹಳೆಯ ಲೇಖನಗಳನ್ನು ಒಂದೊಂದಾಗಿ ತೆರೆದು ನೋಡುವ ಬುದ್ಧಿ ಯಾರಿಗೂ ಬರಲಿಲ್ಲ.

ಆ ಲೇಖನದ ಧ್ವನಿಮುದ್ರಣ ಇದ್ದ ಫೋನು ಕೆಟ್ಟುಹೋಗಿ ಎಷ್ಟೋ ಕಾಲವಾಗಿದೆ. ಟಿಪ್ಪಣಿ ಪುಸ್ತಕ ಎಲ್ಲಿದೆಯೋ ಗೊತ್ತಿಲ್ಲ. ಮಾತಾಡಿದವರಲ್ಲಿ ಇಬ್ಬರು ಈಗ ಇಲ್ಲ. ಅವರ ಮಾತು ಉಳಿದಿದ್ದರೆ ಆ ಪುಟದಲ್ಲಿ ಮಾತ್ರ.

ಇದನ್ನು ಸರಿಮಾಡಲು ಹೋಗಿ ನಾವು ಕಲಿತದ್ದು ಕಂಪ್ಯೂಟರ್ ವಿದ್ಯೆ ಅನ್ನುವುದಕ್ಕಿಂತ ಕನ್ನಡದ ಇತ್ತೀಚಿನ ಚರಿತ್ರೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಒಂದು ಲೆಕ್ಕ. 'ಮಾರನಹಳ್ಳಿ' ಅಂತ ನಾವು ಐದು ಅಕ್ಷರ ಓದುತ್ತೇವೆ. ಯಂತ್ರ ಅದನ್ನು ಒಂಬತ್ತಾಗಿ ಬಿಡಿಸುತ್ತದೆ: ಮ, ದೀರ್ಘ, ರ, ನ, ಹ, ಳ, ಒತ್ತಕ್ಷರ ಬರಲು ಬೇಕಾದ ಹಲಂತದ ಗುರುತು, ಮತ್ತೊಂದು ಳ, ಗುಡಿಸು. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಗುರುತಿಗೆ ಮೂರು ಬೈಟು. ಬೈಟು ಅಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ, ಅಷ್ಟೇ. ಒಂಬತ್ತು ಮೂರಲೆ ಇಪ್ಪತ್ತೇಳು. ಸರ್ವರಿನ ಒಳಗೆ ಮಾರನಹಳ್ಳಿ ಅಂದರೆ ಇಪ್ಪತ್ತೇಳು ಸಂಖ್ಯೆಗಳ ಸಾಲು.

ಈ ಯುಟಿಎಫ್-8 ಹುಟ್ಟಿದ್ದು 1992ರಲ್ಲಿ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅಮೆರಿಕದ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ ತಟ್ಟೆಯ ಕೆಳಗೆ ಹಾಸಿದ್ದ ಕಾಗದದ ಮೇಲೆ ಅದರ ನಕ್ಷೆ ಗೀಚಿದರು. ಅದಕ್ಕೆ ಒಂದು ವರ್ಷ ಮುಂಚೆ, 1991ರಲ್ಲಿ, ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಭಾರತದವರೇ ಮಾಡಿದ್ದ ಇಸ್ಕಿ ಎಂಬ ಮಾನಕದ ಸಾಲನ್ನೇ ನಮ್ಮ ಭಾಷೆಗಳಿಗೆ ಹೊಂದಿಸಿಕೊಂಡಿದ್ದರು. ಅಂದರೆ ಅಂತರಜಾಲ ನಮ್ಮ ಊರು ತಲುಪುವ ಮುಂಚೆಯೇ ಕನ್ನಡದ ಮನೆ ಕಟ್ಟಿಯಾಗಿತ್ತು. ಗೃಹಪ್ರವೇಶಕ್ಕೆ ಹತ್ತು ಹದಿನೈದು ವರ್ಷ ಹಿಡಿಯಿತು.

ಅಲ್ಲಿಯವರೆಗೆ ನಾವು ಬಾಡಿಗೆ ಮನೆಯಲ್ಲಿದ್ದೆವು. ಕೆ.ಪಿ. ರಾವ್ 'ಸೇಡಿಯಾಪು' ತಂತ್ರಾಂಶ ಮಾಡಿ ಕನ್ನಡ ಟೈಪಿಂಗಿಗೆ ದಾರಿ ತೋರಿಸಿದರು. 1996ರಲ್ಲಿ ಯು.ಬಿ. ಪವನಜ 'ವಿಶ್ವಕನ್ನಡ' ತಾಣ ಆರಂಭಿಸಿದರು. 1998ರಲ್ಲಿ ಶೇಷಾದ್ರಿವಾಸು 'ಬರಹ' ಬಿಟ್ಟರು. ನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಿಗೆ ಬಂತು. ಆ ಕಾಲದ ಬಹುತೇಕ ಕನ್ನಡ ಬರವಣಿಗೆಯ ಗುಟ್ಟು ಒಂದೇ. ಕಡತದ ಒಳಗೆ ಇದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತಿತ್ತು. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚಿ ಬೀಳುತ್ತಿತ್ತು. 'ಕನ್ನಡ' ಅನ್ನುವುದು ದೊಡ್ಡ ಪಿ, ಓರೆ ಗೀಟಿನ ದೊಡ್ಡ ಎ, ಪೌಂಡ್ ದುಡ್ಡಿನ ಗುರುತು ಎಲ್ಲ ಸೇರಿ ಏನೋ ಆಗುತ್ತಿತ್ತು. ಪಂಚಾಯಿತಿಯಿಂದಲೋ ಸಂಘದಿಂದಲೋ ಬಂದ ಹಳೆಯ ಫೈಲು ಫೋನಿನಲ್ಲಿ ತೆರೆದವರೆಲ್ಲ ಇದನ್ನು ನೋಡಿರುತ್ತೀರಿ.

ಇಲ್ಲಿ ಒಂದು ಸಣ್ಣ ಕಿವಿಮಾತು, ಮುಂದೆ ಬೇಕಾಗುತ್ತದೆ. ಗಜಿಬಿಜಿಯಲ್ಲಿ ಓರೆ ಗೀಟಿನ ದೊಡ್ಡ ಎ ತುಂಬಿದ್ದರೆ ಅದು ನುಡಿ, ಬರಹ ಕಾಲದ ಬರವಣಿಗೆ. ಪರಿವರ್ತಕದಲ್ಲಿ ಹಾಕಿದರೆ ಕನ್ನಡ ಸಿಗುತ್ತದೆ. ಓರೆ ಗೀಟಿನ ಸಣ್ಣ ಎ ಮತ್ತು ಮೇಲೆ ಕೂತ ಪುಟ್ಟ ಎರಡು, ಮೂರು ತುಂಬಿದ್ದರೆ ಅದು ಅಸಲಿ ಯುನಿಕೋಡ್ ಕನ್ನಡವೇ. ಓದುವವನು ತಪ್ಪಾಗಿ ಓದುತ್ತಿದ್ದಾನೆ. ಒಂದರ ಔಷಧ ಇನ್ನೊಂದಕ್ಕೆ ಹಾಕಿದರೆ ಕಾಯಿಲೆ ಎರಡಾಗುತ್ತದೆ.

2001ರಲ್ಲಿ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟಿನ ಜೊತೆ ಬಂದಾಗ ಯುನಿಕೋಡ್ ಕನ್ನಡ ಸಾಮಾನ್ಯರ ಕಂಪ್ಯೂಟರಿಗೂ ಬಂತು. ಆದರೆ ತಾನಾಗಿ ಅಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಭಾಷೆಯ ಪುಟದಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಬೇಕಿತ್ತು, ಹಾಕಿದರೆ ಅದು ಎಕ್ಸ್‌ಪಿಯ ಸಿ.ಡಿ. ಕೇಳುತ್ತಿತ್ತು. ಸಿ.ಡಿ. ಇರುವ ಸೈಬರ್ ಸೆಂಟರ್ ಹುಡುಕುವುದೇ ಒಂದು ಕೆಲಸ. ಟಿಕ್ ಇಲ್ಲದಿದ್ದರೆ ಒತ್ತು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಹಾಗಿದ್ದೂ 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಡ್ರೂಪಲ್ ಎಂಬ ತಂತ್ರಾಂಶದ ಮೇಲೆ 'ಸಂಪದ' ಕಟ್ಟಿದರು. ಪುಟ ಪುಟವನ್ನೂ ಕೈಯಲ್ಲಿ ಕಟ್ಟುವ ಕಾಲ ಮುಗಿದು, ಬರಹ ಹಾಕಿದರೆ ಪುಟ ತಾನೇ ಕಟ್ಟಿಕೊಳ್ಳುವ ಡ್ರೂಪಲ್, ವರ್ಡ್‌ಪ್ರೆಸ್‌ನಂಥವು ಬಂದಿದ್ದವು.

ಫೋನಿನ ಕಥೆ ಬೇರೆ. ಕೀಪ್ಯಾಡ್ ಫೋನಿನಲ್ಲಿ ಕನ್ನಡ ಅಂದರೆ ಬರೀ ಚೌಕ ಚೌಕ. ಆಗ ಬಾಯಿಂದ ಬಾಯಿಗೆ ಒಂದು ಉಪಾಯ ಹರಡಿತ್ತು: ಒಪೆರಾ ಮಿನಿಯ ವಿಳಾಸದ ಜಾಗದಲ್ಲಿ 'ಕಾನ್ಫಿಗ್' ಅಂತ ಹೊಡೆದು, ಬರುವ ಪಟ್ಟಿಯಲ್ಲಿ ಬಿಟ್‌ಮ್ಯಾಪ್ ಫಾಂಟ್ ಎಂಬ ಸಾಲಿಗೆ ಎಸ್ ಅನ್ನಬೇಕು. ಅಕ್ಷರವನ್ನು ಒಪೆರಾದ ಸರ್ವರಿನಲ್ಲೇ ಚಿತ್ರ ಮಾಡಿ ಫೋನಿಗೆ ಕಳಿಸುತ್ತಿತ್ತು. ನಮ್ಮ ಬಳಗದಲ್ಲಿ ಕೆಲವರು ಮೊದಲ ಸಲ ಫೋನಿನಲ್ಲಿ ಕನ್ನಡ ಓದಿದ್ದು ಹಾಗೆ. 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡವನ್ನು ನೆಟ್ಟಗೆ ಜೋಡಿಸಲು ಕಲಿತ ಮೇಲೆ ಆ ಉಪಾಯ ಮರೆತೇ ಹೋಯಿತು.

ಇಷ್ಟೆಲ್ಲ ಆದ ಮೇಲೂ ನಮ್ಮ ಲೇಖನ ಚಿಂದಿಯಾದದ್ದು ಏಕೆ? ಇದಕ್ಕೆ ಸ್ವೀಡನ್ನಿಗೆ ಹೋಗಬೇಕು.

ವರ್ಡ್‌ಪ್ರೆಸ್ ತಾಣದಲ್ಲಿ ಲೇಖನ ಕೂರುವುದು ಡೇಟಾಬೇಸ್ ಎಂಬ ಕಣಜದಲ್ಲಿ. ಸಾಮಾನ್ಯವಾಗಿ ಅದು ಮೈಎಸ್‌ಕ್ಯುಎಲ್. ಅದನ್ನು ಕಟ್ಟಿದ ಕಂಪನಿ ಸ್ವೀಡನ್ನಿನದು. ಪ್ರತಿ ಕಣಜಕ್ಕೂ 'ಇದರೊಳಗಿನ ಬೈಟು ಯಾವ ಲಿಪಿ' ಅಂತ ಒಂದು ಚೀಟಿ ಅಂಟಿರುತ್ತದೆ. ನಾವೇನೂ ಹೇಳದಿದ್ದರೆ ಮೈಎಸ್‌ಕ್ಯುಎಲ್ ತಾನಾಗಿ ಅಂಟಿಸುತ್ತಿದ್ದ ಚೀಟಿ ಲ್ಯಾಟಿನ್-1, ಅಂದರೆ ಪಶ್ಚಿಮ ಯುರೋಪಿನ ಅಕ್ಷರಗಳು. ಅವುಗಳ ಅನುಕ್ರಮಕ್ಕೆ ಸ್ವೀಡಿಷ್ ನಿಯಮ. ಇದು 2018ರಲ್ಲಿ ಎಂಟನೇ ಆವೃತ್ತಿ ಬರುವವರೆಗೂ ಹಾಗೇ ಇತ್ತು. ಎಷ್ಟೋ ಕನ್ನಡ ತಾಣಗಳ ಕಥೆ, ಕವನ, ಊರಹಬ್ಬದ ವರದಿ ಎಲ್ಲ ಸ್ವೀಡಿಷ್ ಚೀಟಿಯ ಕಣಜದಲ್ಲೇ ಇದ್ದವು.

ಹಾಗಾದರೆ ಕೆಡಬೇಕಿತ್ತಲ್ಲ? ಕೆಡಲಿಲ್ಲ. ಏಕೆಂದು ತಿಳಿಯಲು ನಮ್ಮ ರೈಲನ್ನೇ ನೆನೆಸಿಕೊಳ್ಳಿ. 1979ರಲ್ಲಿ ಹಾಸನ–ಮಂಗಳೂರು ಹಳಿ ಬಂದಾಗ ಅದು ಮೀಟರ್ ಗೇಜ್. ಗಾಡಿಯೂ ಮೀಟರ್ ಗೇಜ್, ಹಳಿಯೂ ಮೀಟರ್ ಗೇಜ್, ಹಾಗಾಗಿ ಯಾರಿಗೂ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಎರಡರಲ್ಲಿ ಒಂದು ಬದಲಾದಾಗ. ಬ್ರಾಡ್‌ಗೇಜ್ ಮಾಡಲು 1990ರ ದಶಕದಲ್ಲಿ ಮುಚ್ಚಿದ ಘಾಟಿ ಹಳಿಯ ಮೇಲೆ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. ತಾಣದಲ್ಲೂ ಹೀಗೇ. ಕಣಜದ ಚೀಟಿ ಲ್ಯಾಟಿನ್-1, ವರ್ಡ್‌ಪ್ರೆಸ್ ಕಣಜದ ಜೊತೆ ಮಾತಾಡುವ ಭಾಷೆಯೂ ಲ್ಯಾಟಿನ್-1. ಇಬ್ಬರೂ ತಪ್ಪು, ಆದರೆ ಒಂದೇ ತಪ್ಪು. ಮಧ್ಯೆ ಕನ್ನಡದ ಬೈಟು ಹೇಗೆ ಹೋಯಿತೋ ಹಾಗೇ ವಾಪಸ್ ಬರುತ್ತಿತ್ತು. ಓದುಗರ ಬ್ರೌಸರ್ ಅದನ್ನು ಯುಟಿಎಫ್-8 ಅಂದುಕೊಂಡು ಕನ್ನಡ ತೋರಿಸುತ್ತಿತ್ತು.

2007ರ ಮೇ ತಿಂಗಳಲ್ಲಿ ವರ್ಡ್‌ಪ್ರೆಸ್ 2.2 ಬಂತು. ಅದರ ಸೆಟ್ಟಿಂಗ್ ಕಡತದಲ್ಲಿ ಹೊಸದೊಂದು ಸಾಲು: ಡೇಟಾಬೇಸಿನ ಜೊತೆ ಯಾವ ಲಿಪಿಯಲ್ಲಿ ಮಾತಾಡಬೇಕು. ಹೊಸ ತಾಣಗಳಿಗೆ ಅಲ್ಲಿ ಯುಟಿಎಫ್-8 ಅಂತ ಬರೆದಿತ್ತು, ಅದು ಸರಿಯೇ. ಹಳೆಯ ತಾಣದವರು ಹಳೆಯ ಕಡತವನ್ನೇ ಇಟ್ಟುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕೆಲವರು ಹಳೆಯ ಕಣಜಕ್ಕೆ ಹೊಸ ಕಡತ ಜೋಡಿಸಿದರು. ಹಳಿ ಹಳೆಯದು, ಗಾಡಿ ಹೊಸದು. ಈಗ ಕಣಜ ನಿಯತ್ತಾಗಿ ಭಾಷಾಂತರ ಮಾಡತೊಡಗಿತು: ನನ್ನಲ್ಲಿರುವುದು ಲ್ಯಾಟಿನ್ ಅಕ್ಷರ, ಇವರಿಗೆ ಯುಟಿಎಫ್-8 ಬೇಕಂತೆ, ಒಂದೊಂದೇ ಬೈಟನ್ನು ಒಂದೊಂದು ಅಕ್ಷರ ಮಾಡಿ ಕೊಡೋಣ. ಕನ್ನಡದ ಎಲ್ಲ ಗುರುತುಗಳ ಮೊದಲ ಬೈಟು 224. ಲ್ಯಾಟಿನ್ ಪಟ್ಟಿಯಲ್ಲಿ ಅದು ಓರೆ ಗೀಟಿನ ಸಣ್ಣ ಎ. ಎರಡನೇ ಬೈಟು ವ್ಯಂಜನಗಳಿಗೆ 178, ಅಂದರೆ ಪುಟ್ಟ ಎರಡು. ಕೊಂಬು, ಹಲಂತದಂಥವಕ್ಕೆ 179, ಅಂದರೆ ಪುಟ್ಟ ಮೂರು. 'ಮಾರನಹಳ್ಳಿ'ಯಲ್ಲಿ ಆ ಎ ಒಂಬತ್ತು ಸಲ ಬರುತ್ತದೆ. ಅವತ್ತು ಫೋನ್ ಮಾಡಿದ ಹಿರಿಯರು ನೋಡಿದ್ದು ಇದನ್ನೇ.

ನಮ್ಮ ತಾಣದ ಸೆಟ್ಟಿಂಗ್ ಕಡತ ಇನ್ನೂ ಹಳೆಯ ತಾಣವೊಂದರಿಂದ ನಕಲಾಗಿ ಬಂದದ್ದು. ಲಿಪಿಯ ಸಾಲು ಖಾಲಿ. ಹಳೆಯ ಸರ್ವರಿನಲ್ಲಿ ಖಾಲಿ ಅಂದರೆ ಲ್ಯಾಟಿನ್-1, ಹೊಸದರಲ್ಲಿ ಖಾಲಿ ಅಂದರೆ ಯುಟಿಎಫ್-8. ನಾವು ಒಂದಕ್ಷರವನ್ನೂ ಬದಲಿಸಿರಲಿಲ್ಲ, ಅರ್ಥ ಮಾತ್ರ ಬದಲಾಗಿತ್ತು.

ಸೆಟ್ಟಿಂಗ್ ಜಗಳಕ್ಕೆ ಇದೊಂದೇ ಜಾಗ ಅಲ್ಲ. ಅಪಾಚೆ 2.0 ವೆಬ್ ಸರ್ವರಿನ ಜೊತೆ ಒಂದಷ್ಟು ಕಾಲ ಬರುತ್ತಿದ್ದ ಮಾದರಿ ಕಡತದಲ್ಲಿ 'ಎಲ್ಲ ಪುಟವೂ ಲ್ಯಾಟಿನ್-1' ಎಂಬ ಸಾಲಿತ್ತು. ಪುಟದ ಒಳಗೆ ನೀವು ಯುಟಿಎಫ್-8 ಅಂತ ಬರೆದಿದ್ದರೂ ಸರ್ವರ್ ಹೇಳಿದ್ದೇ ನಡೆಯುತ್ತಿತ್ತು. ಇನ್ನೊಂದು ನೋಟ್‌ಪ್ಯಾಡ್‌ನದು. ಸೆಟ್ಟಿಂಗ್ ಕಡತದಲ್ಲಿ ಕನ್ನಡದ ಒಂದು ಟಿಪ್ಪಣಿ ಬರೆದು ಯುಟಿಎಫ್-8 ಅಂತ ಸೇವ್ ಮಾಡಿದರೆ, ಅದು ಕಡತದ ತಲೆಗೆ ಕಣ್ಣಿಗೆ ಕಾಣದ ಮೂರು ಬೈಟು ಸೇರಿಸುತ್ತಿತ್ತು. ತಾಣ ತೆರೆಯುವುದೇ ಇಲ್ಲ, ಲಾಗಿನ್ ಆಗುವುದಿಲ್ಲ. ಕಡತ ತೆರೆದರೆ ಎಲ್ಲ ಸರಿಯಾಗೇ ಕಾಣುತ್ತದೆ. ವಿಂಡೋಸ್ 10ರ 2019ರ ಅಪ್‌ಡೇಟಿನ ನಂತರ ನೋಟ್‌ಪ್ಯಾಡ್ ತಾನಾಗಿ ಹಾಗೆ ಮಾಡುವುದನ್ನು ಬಿಟ್ಟಿತು. ಇದಕ್ಕೆ ರಾತ್ರಿಗಟ್ಟಲೆ ನಿದ್ದೆಗೆಟ್ಟವರು ನಮ್ಮಲ್ಲೂ ಇದ್ದಾರೆ, ಹೆಸರು ಹೇಳಿದರೆ ಬೈಯುತ್ತಾರೆ.

ಕೈ ಮುಗಿಯುವ ಚಿತ್ರದ ಕಥೆಯನ್ನೂ ಹೇಳಬೇಕು. ಮೈಎಸ್‌ಕ್ಯುಎಲ್‌ನ 'ಯುಟಿಎಫ್8' ಪೂರ್ತಿ ಯುಟಿಎಫ್-8 ಆಗಿರಲಿಲ್ಲ. ಮೂರು ಬೈಟಿನ ಗುರುತಿನವರೆಗೆ ಮಾತ್ರ ಅದರ ಹೊಟ್ಟೆಗೆ ಹಿಡಿಸುತ್ತಿತ್ತು. ಕನ್ನಡ ಸರಿಯಾಗಿ ಮೂರು ಬೈಟಾದ್ದರಿಂದ ನಾವು ಬಚಾವ್. ಆದರೆ ಎಮೋಜಿಗೆ ನಾಲ್ಕು. ಕೈ ಮುಗಿಯುವ ಚಿತ್ರ 2010ರಲ್ಲಿ ಯುನಿಕೋಡ್‌ಗೆ ಸೇರಿತು. ಫೋನಿನಲ್ಲಿ ಅದು ಬಂದಮೇಲೆ ನಮ್ಮ ಜನ ಕೈ ಮುಗಿಯದೆ ಮಾತು ಶುರುಮಾಡುತ್ತಾರೆಯೇ? ಕಣಜ ಆ ಚಿತ್ರ ಸಿಕ್ಕಿದ ಜಾಗದಲ್ಲೇ ಮಾತನ್ನು ಕತ್ತರಿಸಿ, ಮುಂದಿನದನ್ನೆಲ್ಲ ಸದ್ದಿಲ್ಲದೆ ಬಿಸಾಡುತ್ತಿತ್ತು. ಮೊದಲೇ ಕೈ ಮುಗಿದವರ ಪ್ರತಿಕ್ರಿಯೆ ಪೂರ್ತಿ ಖಾಲಿ. ನಾಲ್ಕು ಬೈಟು ಹಿಡಿಯುವ 'ಯುಟಿಎಫ್8ಎಂಬಿ4' ಎಂಬ ಚೀಟಿ 2010ರಲ್ಲೇ ತಯಾರಿತ್ತು. ವರ್ಡ್‌ಪ್ರೆಸ್ ಅದಕ್ಕೆ ಹೋದದ್ದು 2015ರ ಏಪ್ರಿಲ್‌ನ 4.2ನೇ ಆವೃತ್ತಿಯಲ್ಲಿ. ಹೀಗೆ ಮಾತು ಕತ್ತರಿಸಿಹೋಗುವುದನ್ನೇ ಬಳಸಿ ತಾಣದೊಳಗೆ ಕೆಟ್ಟ ಕೋಡ್ ನುಸುಳಿಸಬಹುದು ಎಂದು ಗೊತ್ತಾದದ್ದೂ ಆ ಬದಲಾವಣೆಯ ಹಿಂದೆ ಇತ್ತು.

ಈಗ ನಮ್ಮ ತಪ್ಪಿಗೆ ಬರೋಣ.

ಗಜಿಬಿಜಿ ಕಂಡ ಕೂಡಲೇ ಹೆದರಿದೆವು. ಕಣಜದ ಚೀಟಿ ನೋಡಲಿಲ್ಲ, ಸೆಟ್ಟಿಂಗ್ ಕಡತ ನೋಡಲಿಲ್ಲ. ಪುಟದಿಂದ ಆ ಗಜಿಬಿಜಿಯನ್ನು ಕಾಪಿ ಮಾಡಿ, ಆನ್‌ಲೈನ್‌ನಲ್ಲಿ ಸಿಕ್ಕ ಒಂದು ಪರಿವರ್ತಕಕ್ಕೆ ಹಾಕಿ, ಬಂದ ಕನ್ನಡವನ್ನು ವಾಪಸ್ ಲೇಖನಕ್ಕೆ ಅಂಟಿಸಿ ಸೇವ್ ಮಾಡಿದೆವು. ಹೆಚ್ಚುಕಡಿಮೆ ಕನ್ನಡವೇ ಬಂದಿತ್ತು. ಆದರೆ ನಡುನಡುವೆ ವಜ್ರದ ಆಕಾರದ ಕಪ್ಪು ಗುರುತು, ಅದರೊಳಗೆ ಪ್ರಶ್ನೆಚಿಹ್ನೆ. 'ಮಾರನಹಳ' ಆದ ಮೇಲೆ ಒಂದು ಕಪ್ಪು ವಜ್ರ, ಆಮೇಲೆ 'ಳಿ'.

ಕಾರಣ ತಿಳಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಬ್ರೌಸರುಗಳು ಬಳಸುವ ಪಶ್ಚಿಮ ಯುರೋಪಿನ ಪಟ್ಟಿಯಲ್ಲಿ 256 ಮನೆಗಳಿವೆ. ಅದರಲ್ಲಿ ಐದು ಖಾಲಿ. ಆ ಐದು ಖಾಲಿ ಮನೆಗಳಿಗೂ ಕನ್ನಡದ ಗುರುತುಗಳ ಮೂರನೇ ಬೈಟು ಬಂದು ಬೀಳುತ್ತದೆ: ಏ, ಐ, ಝ, ಉಕಾರದ ಕೊಂಬು, ಮತ್ತು ಹಲಂತ. ಮೊದಲ ಮೂರು ಹೋದರೆ ಹೇಗೋ ಊಹಿಸಬಹುದು. ಕೊಂಬೂ ಹಲಂತವೂ ಹೋದರೆ ಕನ್ನಡದಲ್ಲಿ ಏನು ಉಳಿಯುತ್ತದೆ? ಒತ್ತಕ್ಷರ ಇಲ್ಲದ ಒಂದು ಸಾಲು ಬರೆದು ನೋಡಿ. ಡೇಟಾಬೇಸ್ ಈ ಐದನ್ನು ಹೇಗೋ ಸಹಿಸಿಕೊಳ್ಳುತ್ತದೆ. ಪರದೆಯಿಂದ ಕಾಪಿ ಮಾಡಿ ಅಂಟಿಸುವಾಗ ಅವು ದಾರಿಯಲ್ಲೇ ಉದುರಿಹೋಗುತ್ತವೆ.

ಗಜಿಬಿಜಿ ಕಂಡರೆ ಹೆದರಬೇಕಿಲ್ಲ, ಬೈಟುಗಳೆಲ್ಲ ಅಲ್ಲೇ ಇರುತ್ತವೆ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಮೊದಲು ಕಣಜಕ್ಕೆ ಇದನ್ನು ಮತ್ತೆ ಲ್ಯಾಟಿನ್-1 ಮಾಡು ಅನ್ನಬೇಕು. ಆಮೇಲೆ ಇದು ಅಕ್ಷರವೇ ಅಲ್ಲ, ಬರೀ ಬೈಟು ಅನ್ನಬೇಕು. ಕೊನೆಗೆ ಈ ಬೈಟು ಯುಟಿಎಫ್-8 ಅಂತ ಹೊಸ ಚೀಟಿ ಅಂಟಿಸಬೇಕು. ನಡುವಿನ ಹೆಜ್ಜೆ ಬಿಟ್ಟರೆ ಕಣಜ ಮತ್ತೆ ಭಾಷಾಂತರಕ್ಕೆ ಕೂರುತ್ತದೆ. ಹೆದರಬೇಕಾದ್ದು ಸಾಲು ಸಾಲು ಪ್ರಶ್ನೆಚಿಹ್ನೆ ಕಂಡಾಗ. ಕನ್ನಡವನ್ನು ಲ್ಯಾಟಿನ್ ಪಟ್ಟಿಗೆ ತುರುಕಲು ಹೋದರೆ, ಜಾಗವಿಲ್ಲದ ಅಕ್ಷರಕ್ಕೆಲ್ಲ ಒಂದೊಂದು ಪ್ರಶ್ನೆಚಿಹ್ನೆ ಹಾಕಿ ಮೂಲವನ್ನು ಅಳಿಸಿಬಿಡುತ್ತದೆ. ಅದಕ್ಕೆ ಮದ್ದಿಲ್ಲ, ಬ್ಯಾಕಪ್ ಒಂದೇ.

ಬ್ಯಾಕಪ್ ಇತ್ತು. ಆದರೆ ಅಂಟಿಸುವ ಕೆಲಸ ಮುಗಿದ ಸಂಜೆ, ಜಾಗ್ರತೆ ಅಂದುಕೊಂಡು ಇನ್ನೊಂದು ಬ್ಯಾಕಪ್ ತೆಗೆದೆವು, ಅದೇ ಹೆಸರಿನಲ್ಲಿ. ಹಳೆಯದರ ಮೇಲೆ ಹೊಸದು ಕೂತಿತು. ಹಳೆಯ ಸರ್ವರಿನ ಬಾಡಿಗೆ ಮುಗಿದು ಅಲ್ಲಿಯದೆಲ್ಲ ಅಳಿಸಿಹೋಗಿತ್ತು. ಸೇವ್ ಮಾಡಿದಾಗಲೆಲ್ಲ ಹಿಂದಿನ ಪ್ರತಿಯನ್ನು ವರ್ಡ್‌ಪ್ರೆಸ್ ಇಟ್ಟುಕೊಳ್ಳುತ್ತದೆ; ಜಾಗ ಉಳಿಸಲು ಅದನ್ನೂ ನಾವೇ ಆಫ್ ಮಾಡಿದ್ದೆವು.

ಕೈ ಹಾಕದೆ ಬಿಟ್ಟಿದ್ದ ಲೇಖನಗಳೆಲ್ಲ ಮೂರು ಹೆಜ್ಜೆಯಲ್ಲಿ ಅರ್ಧ ಗಂಟೆಗೆ ವಾಪಸ್ ಬಂದವು, ಒಂದು ಕೊಂಬೂ ಕೊಂಕದೆ. ಅವಸರದಲ್ಲಿ ಸರಿಮಾಡಿದ ಒಂಬತ್ತು ಲೇಖನ ಮಾತ್ರ ತೂತು ತೂತಾಗಿ ಉಳಿದವು. ಮಾರನಹಳ್ಳಿಯದು ಅದರಲ್ಲಿ ಮೊದಲನೆಯದು.

ತೂತುಗಳನ್ನು ಕೂತು ತುಂಬಿದೆವು. ಬಹುಪಾಲು ಸುಲಭ, ಯಾವ ಜಾಗದಲ್ಲಿ ಒತ್ತು, ಯಾವ ಜಾಗದಲ್ಲಿ ಕೊಂಬು ಅಂತ ಕನ್ನಡ ಬಲ್ಲವರಿಗೆ ಗೊತ್ತಾಗುತ್ತದೆ. ಗೊತ್ತಾಗದ ಜಾಗ ಹನ್ನೊಂದು. ಮನೆಮಾತಿನ ಪದಗಳು, ಅಡ್ಡಹೆಸರುಗಳು, ಒಂದು ತೋಟದ ಹೆಸರು. ಅದನ್ನು ಬರೆದುಕೊಂಡು ಮಾರನಹಳ್ಳಿಗೆ ಹೋದೆವು. ಫೋನ್ ಮಾಡಿದ್ದ ಹಿರಿಯರು ಕನ್ನಡಕ ಹಾಕಿಕೊಂಡು ಫೋನಿನಲ್ಲಿ ಓದಿ ಎಂಟನ್ನು ಹೇಳಿಕೊಟ್ಟರು. ಒಂದು ಕಡೆ ನಿಲ್ಲಿಸಿ, "ಇದು ನಾನು ಹೀಗೆ ಹೇಳಿರಲಿಲ್ಲ, ಆಗ ನೀವೇ ತಪ್ಪು ಕೇಳಿಸಿಕೊಂಡಿದ್ದಿರಿ" ಅಂದರು. ಅದನ್ನೂ ತಿದ್ದಿದೆವು. ಉಳಿದ ಮೂರು ಜಾಗ ಈಗ ಇಲ್ಲದ ಇಬ್ಬರ ಮಾತಿನೊಳಗಿನವು. ಅಲ್ಲಿ ಕಪ್ಪು ವಜ್ರ ಹಾಗೇ ಇದೆ. ಲೇಖನ ತೆರೆದರೆ ಕಾಣುತ್ತದೆ.